ದಾರಿ ತೋರಿದವರ ಹೆಸರು

(ಕಿಣತ್ತುಕಡವಿನಲ್ಲಿ ಮೇ ದಿನದ ಕೂಟದಲ್ಲಿ ಮಾಡಿದ ಭಾಷಣ)



ಇಂದು ಕಾರ್ಮಿಕರ ದಿನ. 1955ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಈ ದಿನವನ್ನೇ ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಆದ್ದರಿಂದ ಬೆಳಿಗ್ಗೆ ಪೂಜೆ, ಮಧ್ಯಾಹ್ನ ಕೂಟ ಎರಡೂ ನಮಗೆ ಒಂದೇ ಹಬ್ಬದ ಎರಡು ಭಾಗಗಳು. ಬಿಸಿಲು ಬಹಳವಾಗಿದೆ, ರಾತ್ರಿ ಪಾಳಿಗೆ ಹೋಗುವವರೂ ಇದ್ದೀರಿ. ಹೇಳಬೇಕಾದ್ದನ್ನು ಬೇಗ ಹೇಳಿ ಮುಗಿಸುತ್ತೇವೆ.

ತಪಸ್ಸುಕಾಲದಲ್ಲಿ ನಡೆದ ನಮ್ಮ ಬಳಗದ ಸಭೆಯಲ್ಲಿ ಒಂದು ಮಾತು ಬಂದಿತು. ನಮ್ಮ ಹನ್ನೊಂದು ಮಂದಿ ಯುವಕರು ಹಿಮಾಲಯಕ್ಕೆ ಹೋಗಬೇಕೆಂದಿದ್ದಾರೆ. ಬಸ್ಸು ಹೋಗುವ ಊರುಗಳಿಗಲ್ಲ. ಪರವಾನಗಿ ಪಡೆದು ಮಾತ್ರ ಹೋಗಬಹುದಾದ ಗಡಿಯ ಕಣಿವೆಗಳಿಗೆ, ಕಾಲ್ನಡಿಗೆಯಲ್ಲಿ. ಎರಡು ವರ್ಷದಿಂದ ತಿಂಗಳಿಗಿಷ್ಟೆಂದು ಸಂಬಳದಲ್ಲಿ ಉಳಿಸಿ ಚೀಟಿ ಹಾಕಿದ್ದಾರೆ. ಹಿರಿಯರಲ್ಲಿ ಕೆಲವರು ಇದು ದುಂದು ಎಂದರು. ಇನ್ನು ಕೆಲವರು, ದುಡಿಯುವವನಿಗೆ ಬೆಟ್ಟ ನೋಡುವ ಹಕ್ಕಿಲ್ಲವೇ ಎಂದು ಕೇಳಿದರು. ಮಾತು ಬಿಸಿಯಾಯಿತು. ಮೇ ದಿನದಂದು ಇದನ್ನು ವಿಚಾರ ಮಾಡಿ ಹೇಳಿ ಎಂದು ನಮಗೆ ಒಪ್ಪಿಸಿದಿರಿ. ಆ ವಿಚಾರವೇ ಈ ಹೊತ್ತಿನ ಭಾಷಣ.

ಮೋಶೆ ಕೇಳಿಕೊಂಡದ್ದು

ಮೊದಲು ಪವಿತ್ರ ಗ್ರಂಥಕ್ಕೆ ಹೋಗೋಣ. ಸಂಖ್ಯಾಕಾಂಡದ ಹತ್ತನೆಯ ಅಧ್ಯಾಯದಲ್ಲಿ ಒಂದು ಸಣ್ಣ ಪ್ರಸಂಗವಿದೆ. ಇಸ್ರಯೇಲರು ಸೀನಾಯಿ ಬೆಟ್ಟವನ್ನು ಬಿಟ್ಟು ಮರುಭೂಮಿಯಲ್ಲಿ ಹೊರಟಿದ್ದಾರೆ. ಹಗಲಲ್ಲಿ ದಾರಿ ತೋರಲು ಮೇಘವಿದೆ, ಇರುಳಲ್ಲಿ ಬೆಂಕಿಯಿದೆ. ಆದರೂ ಮೋಶೆ ಹೋಬಾಬ ಎಂಬ ಮಿದ್ಯಾನ್ಯನನ್ನು ಕರೆದು, ನಮ್ಮ ಜೊತೆ ಬಾ ಎನ್ನುತ್ತಾನೆ. ಅವನು, ಇಲ್ಲ, ನಮ್ಮೂರಿಗೆ ಹೋಗುತ್ತೇನೆ ಎನ್ನುತ್ತಾನೆ. ಮೋಶೆ ಬಿಡುವುದಿಲ್ಲ. ಈ ಅರಣ್ಯದಲ್ಲಿ ಎಲ್ಲಿ ತಂಗಬೇಕೆಂಬುದು ನಿನಗೆ ಗೊತ್ತು, ನೀನು ನಮಗೆ ಕಣ್ಣಾಗಿರಬೇಕು. ಸರ್ವೇಶ್ವರ ನಮಗೆ ಮಾಡುವ ಒಳ್ಳೆಯದರಲ್ಲಿ ನಿನಗೂ ಪಾಲು ಕೊಡುತ್ತೇವೆ ಎಂದು ಬೇಡಿಕೊಳ್ಳುತ್ತಾನೆ.

ಇಲ್ಲಿ ಮೂರು ವಿಷಯ ಗಮನಿಸಿ. ದೇವರೇ ಮುಂದೆ ನಡೆಯುತ್ತಿದ್ದರೂ ಮೋಶೆಗೆ ಆ ನೆಲದ ಮನುಷ್ಯನೊಬ್ಬ ಬೇಕಾಯಿತು. ಅವನನ್ನು ಬಿಟ್ಟಿಗೆ ಕರೆಯಲಿಲ್ಲ, ಪಾಲು ಕೊಡುವ ಮಾತು ಕೊಟ್ಟ. ಇನ್ನೊಂದು, ಅವನ ಹೆಸರು, ತಂದೆಯ ಹೆಸರು, ಕುಲ ಎಲ್ಲವನ್ನೂ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಮುಂದೆ ನ್ಯಾಯಸ್ಥಾಪಕರ ಗ್ರಂಥದಲ್ಲಿ ಅವನ ಬಂಧುಗಳು ಯೆಹೂದ ಕುಲದವರ ಜೊತೆ ನಾಡಿನಲ್ಲಿ ನೆಲೆಸಿದ್ದನ್ನು ಓದುತ್ತೇವೆ. ಕೊಟ್ಟ ಮಾತು ನಡೆಯಿತು ಎಂದಾಯಿತು.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಹಿಮಾಲಯವನ್ನು ನೋಡೋಣ.

ಮುಚ್ಚಿದ ಕಣಿವೆಗಳು, ನಡೆದ ಕಾಲುಗಳು

ಗಡಿಯ ಕಣಿವೆಗಳಿಗೆ ಪರವಾನಗಿ ಎಂಬುದು ಹೊಸದಲ್ಲ. 1873ರಲ್ಲಿ ಇಂಗ್ಲಿಷರ ಸರಕಾರ ಈಶಾನ್ಯದ ಬೆಟ್ಟಗಳಿಗೆ ಒಳಗೆರೆ ಎಂಬ ಒಂದು ಗೆರೆ ಎಳೆದು, ಹೊರಗಿನವರು ಚೀಟಿಯಿಲ್ಲದೆ ದಾಟಬಾರದೆಂದಿತು. 1962ರ ಚೀನಾ ಯುದ್ಧದ ನಂತರ ಗಡಿಯ ಉದ್ದಕ್ಕೂ ಕಾವಲು ಬಿಗಿಯಾಯಿತು. ಲದಾಖಿನ ನುಬ್ರಾ ಕಣಿವೆ ಹೊರದೇಶದ ಪ್ರವಾಸಿಗಳಿಗೆ ತೆರೆದದ್ದು 1994ರಲ್ಲಿ.

ಅದಕ್ಕೂ ಹಿಂದೆ ಟಿಬೆಟ್ ನಾಡೇ ಹೊರಗಿನವರಿಗೆ ಮುಚ್ಚಿತ್ತು. ಅಲ್ಲಿಗೆ ಕಾಲ್ನಡಿಗೆಯಲ್ಲಿ ಹೋದ ಯೂರೋಪಿನವರಲ್ಲಿ ಮೊದಲಿಗರಾಗಿ ನಮ್ಮ ಧರ್ಮಸಭೆಯವರೇ ಒಬ್ಬರಿದ್ದಾರೆ. ಯೇಸುಸಭೆಯ ಅಂತೋನಿಯೋ ದೆ ಆಂದ್ರಾದೆ ಎಂಬ ಗುರುಗಳು 1624ರಲ್ಲಿ ಆಗ್ರಾದಿಂದ ಹೊರಟು, ಬದರಿನಾಥದ ಯಾತ್ರಿಕರ ಗುಂಪು ಸೇರಿ, ಮಾನಾ ಕಣಿವೆಯ ಹಿಮ ದಾಟಿ ಗುಗೆ ರಾಜ್ಯದ ತ್ಸಾಪರಂಗ್ ಊರು ಮುಟ್ಟಿದರು. ಹಿಮದ ಬೆಳಕಿಗೆ ಕಣ್ಣು ಕಾಣದಂತಾಗಿ, ಚಳಿಗೆ ಬೆರಳು ಮರಗಟ್ಟಿ, ಬಹಳ ಕಷ್ಟಪಟ್ಟರು. ಅವರ ಹೆಸರು ಸಭೆಯ ಚರಿತ್ರೆಯಲ್ಲಿದೆ, ಇರಬೇಕಾದ್ದೇ. ಆದರೆ ಹೊರೆ ಹೊತ್ತವರು, ಹಿಮದಲ್ಲಿ ದಾರಿ ತೋರಿದವರು ಎಂದು ಸುಮ್ಮನೆ ಓದಿಕೊಂಡು ಮುಂದೆ ಹೋಗುತ್ತೇವಲ್ಲ, ಅವರಿಗೂ ಅದೇ ಚಳಿಯಿತ್ತು.

ಇನ್ನೂರನಲವತ್ತು ವರ್ಷ ಕಳೆದ ಮೇಲೆ ನೈನ್ ಸಿಂಗ್ ರಾವತ್ ಬಂದರು. ಕುಮಾವೂಂ ಬೆಟ್ಟದ ಜೋಹಾರ್ ಕಣಿವೆಯವರು, ಶಾಲೆಯ ಉಪಾಧ್ಯಾಯರು. ಇಂಗ್ಲಿಷರಿಗೆ ಟಿಬೆಟ್ಟಿನ ನಕ್ಷೆ ಬೇಕಿತ್ತು, ಹೋಗುವ ಧೈರ್ಯವಿರಲಿಲ್ಲ. ಸರ್ವೆ ಇಲಾಖೆಯವರು ಈ ಉಪಾಧ್ಯಾಯರಿಗೆ ಒಂದೇ ಅಳತೆಯ ಹೆಜ್ಜೆ ಇಡುವುದನ್ನು ಕಲಿಸಿದರು. ಮೈಲಿಗೆ ಸುಮಾರು 2000 ಹೆಜ್ಜೆ. ಬೌದ್ಧರ ಜಪಮಾಲೆಗೆ 108 ಮಣಿ, ಇವರದಕ್ಕೆ 100. ನೂರು ಹೆಜ್ಜೆಗೊಂದು ಮಣಿ ಸರಿಸಿದರೆ, ಮಾಲೆ ಒಂದು ಸುತ್ತು ಬರುವಾಗ ಹತ್ತು ಸಾವಿರ ಹೆಜ್ಜೆ. ಪ್ರಾರ್ಥನಾ ಚಕ್ರದೊಳಗೆ ಲೆಕ್ಕದ ಕಾಗದ. ನೀರು ಎಷ್ಟು ಬಿಸಿಗೆ ಕುದಿಯುತ್ತದೆಂದು ನೋಡಿ ಬೆಟ್ಟದ ಎತ್ತರ ತಿಳಿಯುತ್ತಿದ್ದರು. 1866ರ ಆರಂಭದಲ್ಲಿ ಹೀಗೆ ಎಣಿಸಿಕೊಂಡೇ ಲಾಸಾ ಮುಟ್ಟಿದರು. ಜಪಮಾಲೆ ಹಿಡಿಯುವ ನಮಗೆ ಆ ಬೆರಳುಗಳ ಶ್ರಮ ಅರ್ಥವಾಗಬೇಕು. ಗುಟ್ಟಿನ ಕೆಲಸವಾದ್ದರಿಂದ ವರದಿಯಲ್ಲಿ ಹೆಸರು ಹಾಕದೆ ಪಂಡಿತ ಎಂದಷ್ಟೇ ಬರೆದರು. ಲಂಡನ್ನಿನ ಭೂಗೋಳ ಸಂಘ 1877ರಲ್ಲಿ ಚಿನ್ನದ ಪದಕ ಕೊಟ್ಟಿತು. ನಮ್ಮ ಅಂಚೆ ಇಲಾಖೆ ಅಂಚೆಚೀಟಿ ತಂದದ್ದು 2004ರಲ್ಲಿ.

ಇನ್ನೊಬ್ಬರ ಕಥೆ ಇದಕ್ಕಿಂತ ಕಠಿಣ. ಕಿಂತುಪ್ ಎಂಬವರು ಸಿಕ್ಕಿಮಿನವರು, ಡಾರ್ಜಿಲಿಂಗಿನಲ್ಲಿ ದರ್ಜಿ, ಓದುಬರಹ ಬಾರದವರು. ಟಿಬೆಟ್ಟಿನ ಸಾಂಗ್ಪೋ ನದಿಯೂ ಅಸ್ಸಾಮಿನ ಬ್ರಹ್ಮಪುತ್ರವೂ ಒಂದೇ ಹೌದೋ ಅಲ್ಲವೋ ತಿಳಿಯಬೇಕಿತ್ತು. 1880ರಲ್ಲಿ ಒಬ್ಬ ಲಾಮಾನ ಜೊತೆ ಇವರನ್ನು ಕಳುಹಿಸಿದರು. ಆ ಲಾಮಾ ದಾರಿಯಲ್ಲಿ ಇವರನ್ನು ಜೀತಕ್ಕೆ ಮಾರಿ ಹೊರಟುಹೋದ. ಕಿಂತುಪ್ ತಪ್ಪಿಸಿಕೊಂಡರು. ಮನೆಗೆ ಓಡಬಹುದಿತ್ತು, ಓಡಲಿಲ್ಲ. ಒಂದು ಮಠದಲ್ಲಿ ಆಳಾಗಿ ಇದ್ದು, ರಜೆ ಕೇಳಿಕೊಂಡು, 500 ಮರದ ತುಂಡು ಕಡಿದು ಗುರುತು ಹಾಕಿ, ಇಂಥ ದಿನಗಳಲ್ಲಿ ದಿನಕ್ಕೆ 50ರಂತೆ ನದಿಗೆ ಬಿಡುತ್ತೇನೆ, ಕೆಳಗೆ ನೋಡಿಕೊಳ್ಳಿ ಎಂದು ಪತ್ರ ಬರೆಸಿ ಕಳುಹಿಸಿದರು. ಹೇಳಿದಂತೆಯೇ ಬಿಟ್ಟರು. ಆದರೆ ಪತ್ರ ಸೇರಬೇಕಾದ ಅಧಿಕಾರಿ ಅಷ್ಟರಲ್ಲಿ ದೇಶ ಬಿಟ್ಟಿದ್ದರು. ತುಂಡುಗಳು ಯಾರ ಕಣ್ಣಿಗೂ ಬೀಳದೆ ತೇಲಿಹೋದವು. ನಾಲ್ಕು ವರ್ಷದ ಮೇಲೆ, 1884ರಲ್ಲಿ, ಹಿಂದಿರುಗಿ ಬಂದು ನಡೆದದ್ದನ್ನು ಹೇಳಿದಾಗ ನಂಬಿದವರು ಕಡಿಮೆ. ಮತ್ತೆ ಹೊಲಿಗೆಗೆ ಕೂತರು. 1913ರಲ್ಲಿ ಬೇಲಿ, ಮೋರ್ಸ್‌ಹೆಡ್ ಎಂಬ ಇಬ್ಬರು ಅಧಿಕಾರಿಗಳು ಅದೇ ಕಮರಿಗೆ ಹೋಗಿ ನೋಡಿದ ಮೇಲೆ ಈ ದರ್ಜಿಯ ಮಾತಿನಲ್ಲಿ ಸತ್ಯವಿದೆ ಎಂದಾಯಿತು. ಮುಪ್ಪಿನಲ್ಲಿ ಹುಡುಕಿ 1000 ರೂಪಾಯಿ ಬಹುಮಾನ ಕೊಟ್ಟರು. ಸ್ವಲ್ಪ ಕಾಲಕ್ಕೆ ಅವರು ತೀರಿಕೊಂಡರು.

ಸಂಗಾತಿಗಳೇ, ಕೂಲಿ ಬಾಕಿ ಎಂಬ ಮಾತು ನಮಗೆಲ್ಲ ಗೊತ್ತು. ಮೂವತ್ತು ವರ್ಷ ಬಾಕಿ ನಿಂತದ್ದು ಇದು.

ನಮ್ಮ ಕಾಲದಲ್ಲೂ ಇದು ಮುಗಿದಿಲ್ಲ. 2014ರ ಏಪ್ರಿಲ್ 18ರಂದು ಎವರೆಸ್ಟಿನಲ್ಲಿ ಹಿಮ ಕುಸಿದು 16 ಮಂದಿ ಹೊರೆಯಾಳುಗಳು, ಮಾರ್ಗದರ್ಶಿಗಳು ಸತ್ತರು. ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ ಎಂದು ಮೊದಲು ಸರಕಾರ ಹೇಳಿತು. ಶೆರ್ಪಾಗಳು ಆ ವರ್ಷ ಬೆಟ್ಟ ಹತ್ತುವುದಿಲ್ಲವೆಂದು ನಿಂತುಬಿಟ್ಟರು. ಅದು ಮುಷ್ಕರವೇ. 2025ರ ಫೆಬ್ರವರಿ 28ರಂದು ಅದೇ ಮಾನಾ ಊರಿನ ಹತ್ತಿರ, ಆಂದ್ರಾದೆ ಗುರುಗಳು ನಡೆದುಹೋದ ಕಣಿವೆಯಲ್ಲಿ, ರಸ್ತೆಯ ಹಿಮ ತೆಗೆಯುವ ಕೆಲಸಗಾರರ ಶಿಬಿರದ ಮೇಲೆ ಹಿಮ ಬಿದ್ದಿತು. 54 ಜನರಲ್ಲಿ 46 ಮಂದಿಯನ್ನು ಉಳಿಸಿದರು, 8 ಮಂದಿ ಸತ್ತರು. ನಮ್ಮ ಯುವಕರು ಹೋಗಬೇಕೆಂದಿರುವ ದಾರಿಗಳೆಲ್ಲ ಇಂಥ ಕೈಗಳು ಮಾಡಿದ ದಾರಿಗಳು.

ನಮ್ಮ ಪಕ್ಕದಲ್ಲೇ ಕೂತಿರುವ ಸಹೋದರ

ಇಷ್ಟು ಹೊತ್ತು ಪುಸ್ತಕದ ಮಾತಾಯಿತು. ಇನ್ನು ಕಣ್ಣಾರೆ ಕಂಡದ್ದು.

ಈಸ್ಟರ್ ಆದ ವಾರ ಯುವಕರು ಪ್ರಾರ್ಥನೆ ಮುಗಿದ ಮೇಲೆ ಕೂತು, ಲದಾಖ್ ಕಡೆಯ ಒಂದು ಕಣಿವೆಯ ಚಿತ್ರಗಳನ್ನು ಫೋನಿನಲ್ಲಿ ನೋಡುತ್ತಿದ್ದರು. ಇಲ್ಲಿನ ನಾರಿನ ಮಿಲ್ಲಿನಲ್ಲಿ ದುಡಿಯುವ ಝಾರ್ಖಂಡಿನ ದುಮ್ಕಾ ಜಿಲ್ಲೆಯ ನಮ್ಮ ಸಹೋದರ ಹಿಂದೆ ನಿಂತು ನೋಡುತ್ತಿದ್ದ. ಒಂದು ಚಿತ್ರ ಬಂದಾಗ ಕೈ ತಡೆದು, "ಅಣ್ಣಾ, ಈ ತಿರುವಿನ ಕಲ್ಲುಗೋಡೆ ನಾವು ಕಟ್ಟಿದ್ದು" ಎಂದ. ಎರಡು ಬೇಸಿಗೆ ಅಲ್ಲಿ ರಸ್ತೆ ಕೆಲಸ ಮಾಡಿದ್ದಾನೆ ಎಂದು ನಮಗೆ ಗೊತ್ತಾದದ್ದು ಆ ದಿನ. ಎರಡು ವರ್ಷದಿಂದ ನಮ್ಮ ಬೆಂಚಿನಲ್ಲೇ ಕೂರುತ್ತಿದ್ದಾನೆ, ನಾವು ಕೇಳಿರಲಿಲ್ಲ.

ಆಮೇಲೆ ಚಪ್ಪಲಿ ಕಳಚಿ ಎಡಗಾಲು ತೋರಿಸಿದ. ಎರಡು ಬೆರಳಿಲ್ಲ. ಚಳಿಗೆ ಕಪ್ಪಾಗಿ ಹೋದವು ಎಂದ. ಪರಿಹಾರ ಕೇಳಿದೆಯಾ ಎಂದರೆ, ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇಲ್ಲ. ಅರ್ಧಕ್ಕೆ ಊರಿಗೆ ಹೋದ ಇನ್ನೊಬ್ಬನ ಹೆಸರಿನಲ್ಲಿ ಇವನನ್ನು ದುಡಿಸಿಕೊಂಡಿದ್ದಾರೆ. ಮೂರು ತಿಂಗಳ ಕೂಲಿಯೂ ಬಾಕಿ. ನಮ್ಮ ಸಂಘದಿಂದ ಗುತ್ತಿಗೆದಾರನಿಗೆ ಎರಡು ಪತ್ರ ಹಾಕಿದೆವು. ಅಂಥವನು ನಮ್ಮಲ್ಲಿ ದುಡಿದೇ ಇಲ್ಲ ಎಂದು ಉತ್ತರ ಬಂದಿತು. ವಲಸೆ ಕಾರ್ಮಿಕರಿಗಾಗಿ 1979ರಲ್ಲೇ ಕಾನೂನು ಬಂದಿತ್ತು. ಅದನ್ನು 2020ರ ಸಂಹಿತೆಯಲ್ಲಿ ಸೇರಿಸಿದರು. ಕಾನೂನು ಯಾವುದೇ ಇರಲಿ, ಕೈ ಹಿಡಿಯಲು ಅದು ಮೊದಲು ಹೆಸರು ಕೇಳುತ್ತದೆ. ಕೊಯ್ಲಿನವರಿಗೆ ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿ ಮುಟ್ಟುತ್ತದೆ ಎಂದು ಸಂತ ಯಕೋಬರು ಹೇಳಿದ್ದಾರೆ. ದೇವರ ಕಿವಿಗೆ ಹಾಜರಿ ಪುಸ್ತಕ ಬೇಡ. ಕಚೇರಿಗೆ ಬೇಕು.

ದಾವೆ ಇನ್ನೂ ಮುಗಿದಿಲ್ಲವಾದ್ದರಿಂದ ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಬೇಡಿ ಎಂದು ಅವನೇ ಕೇಳಿಕೊಂಡಿದ್ದಾನೆ.

ನಮ್ಮ ತಪ್ಪು

ಗುತ್ತಿಗೆದಾರನನ್ನು ಬೈದು ಭಾಷಣ ಮುಗಿಸುವುದು ಸುಲಭ. ಆದರೆ ಅದೇ ತಪ್ಪನ್ನು ನಾವೂ ಮಾಡಿದ್ದೇವೆ. ಅದನ್ನು ಈ ಸಭೆಯಲ್ಲೇ ಒಪ್ಪಿಕೊಳ್ಳಬೇಕು.

ಮುಚ್ಚಿದ ಕಣಿವೆ ನೋಡಲು ಹಿಮಾಲಯದವರೆಗೆ ಹೋಗಬೇಕಿಲ್ಲ. ಮಳೆ ಬಿಟ್ಟ ಬೆಳಿಗ್ಗೆ ಇಲ್ಲಿಂದ ದಕ್ಷಿಣಕ್ಕೆ ತಿರುಗಿ ನಿಂತರೆ ಆನೆಮಲೆ ಕಾಣುತ್ತದೆ. ಅದರ ಹಿಂದೆ ದಕ್ಷಿಣ ಭಾರತಕ್ಕೆಲ್ಲ ಎತ್ತರವಾದ ಆನೆಮುಡಿ, 2695 ಮೀಟರ್. ಪೊಳ್ಳಾಚಿ, ಆಳಿಯಾರು ದಾಟಿ 40 ತಿರುವು ಹತ್ತಿದರೆ ವಾಲ್ಪಾರೆ. 2007ರಿಂದ ಆ ಕಾಡು ಹುಲಿ ಮೀಸಲು ಪ್ರದೇಶ. ಒಳಗೆ ನಡೆಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ನಿಯಮ ಬೇಡವೆಂದು ನಾವು ಹೇಳುವುದಿಲ್ಲ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 23 ಮಂದಿ ಚಾರಣಿಗರು ಸತ್ತದ್ದನ್ನು ಮರೆತಿಲ್ಲ. ಆ ಗುಂಪಿನಲ್ಲಿ ನಮ್ಮ ಈರೋಡು, ತಿರುಪ್ಪೂರು ಕಡೆಯವರೂ ಇದ್ದರು. ಆಮೇಲೆ ನಿಯಮ ಬಿಗಿಯಾದವು. 2024ರ ಅಕ್ಟೋಬರಿನಲ್ಲಿ ತಮಿಳುನಾಡು ಸರಕಾರವೇ 40 ಚಾರಣ ದಾರಿಗಳನ್ನು ತೆರೆದು, ಬೆಟ್ಟದ ಯುವಕರಿಗೆ ತರಬೇತಿ ಕೊಟ್ಟು ಮಾರ್ಗದರ್ಶಿಗಳಾಗಿ ಇಟ್ಟಿತು. ಅದು ಒಳ್ಳೆಯದು.

ಆದರೆ ಆ ಬೆಟ್ಟದಲ್ಲಿ ಮೊದಲಿನಿಂದ ಇದ್ದವರು ಕಾಡರು, ಮಲಸರು, ಮುದುವರು, ಪುಲಯರು. ಟಾಪ್‌ಸ್ಲಿಪ್ ಎಂಬ ಹೆಸರೇ ತೇಗದ ದಿಮ್ಮಿಗಳನ್ನು ಅಲ್ಲಿಂದ ಕೆಳಕ್ಕೆ ಜಾರಿಸುತ್ತಿದ್ದುದರಿಂದ ಬಂದಿತು. ಜಾರಿಸಿದ ಕೈಗಳ ಹೆಸರು ಯಾವ ನಕ್ಷೆಯಲ್ಲಿದೆ? ಚಹಾ ತೋಟಗಳಿಗೆ ಬಯಲಿನ ಬಡವರನ್ನು ಕರೆದೊಯ್ದು ದುಡಿಸಿದ ಬಗೆಯನ್ನು, ಅಲ್ಲಿ ವೈದ್ಯರಾಗಿದ್ದು ಕಾರ್ಮಿಕರ ಸಂಘಕ್ಕೂ ದುಡಿದ ಪಿ. ಎಚ್. ಡೇನಿಯಲ್ ಅವರು 1969ರಲ್ಲಿ ಕಾದಂಬರಿಯಾಗಿ ಬರೆದರು. ಅವರು ಬರೆಯದಿದ್ದರೆ ಅದೂ ಮರೆತುಹೋಗುತ್ತಿತ್ತು. 2019ರ ಆಗಸ್ಟಿನ ಮಳೆಗೆ ಕಲ್ಲಾರ್ ಎಂಬ ಕಾಡರ ಹಾಡಿಯಲ್ಲಿ ನೆಲ ಕುಸಿಯಿತು. ಹತ್ತಿರದ ತೆಪ್ಪಕುಳಮೇಡಿನಲ್ಲಿ ನೆಲ ಕೊಡಿ ಎಂದು ಕೇಳಿದವರಿಗೆ ತೋಟದ ಹಳೆಯ ಲೈನು ಮನೆಗಳು ಸಿಕ್ಕವು. ಎರಡು ವರ್ಷ ಹೋರಾಡಿ, 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು, 2021ರಲ್ಲಿ ನೆಲ ಪಡೆದರು. ತಮ್ಮದೇ ಕಾಡಿನಲ್ಲಿ ತಮ್ಮ ಹೆಸರು ಬರೆಸಿಕೊಳ್ಳಲು ಅಷ್ಟು ಕಾಲ ಹಿಡಿಯಿತು.

ಇನ್ನು ನಮ್ಮ ತಪ್ಪು. ಕೆಲವು ವರ್ಷದ ಹಿಂದೆ ಮಳೆಗಾಲ ಮುಗಿದ ಮೇಲೆ ನಾವು ಒಂಬತ್ತು ಮಂದಿ, ಒಪ್ಪಿಗೆ ಪಡೆದು, ಕಂಬಳಿ, ನೋಟುಪುಸ್ತಕ ಹೊತ್ತು ಒಂದು ಹಾಡಿಗೆ ಹೋದದ್ದು ನಿಮಗೆ ನೆನಪಿರಬಹುದು. ಹಾಡಿಯ ಮೂಪ್ಪರು ಮುಂದೆ ನಡೆದರು. ಅರ್ಧ ದಾರಿಯಲ್ಲಿ ಮೋಡ ಕವಿಯಿತು. ಅವರು ಒಂದು ಬಂಡೆಯ ಕೆಳಗೆ ನಮ್ಮನ್ನು ಕೂರಿಸಿ, ಹಳ್ಳ ಏರುತ್ತದೆ, ಕಾಯಬೇಕು ಎಂದರು. ಹಳ್ಳದಲ್ಲಿ ಆಗ ಮೊಣಕಾಲಷ್ಟೂ ನೀರಿರಲಿಲ್ಲ. ನಾವು ಗೊಣಗಿದೆವು, ಒಬ್ಬಿಬ್ಬರಿಗೆ ಪಾಳಿಯ ಚಿಂತೆ. ಮುಕ್ಕಾಲು ಗಂಟೆಯಲ್ಲಿ ಆ ಹಳ್ಳ ಮರದ ಕೊಂಬೆಗಳನ್ನು ಹೊತ್ತುಕೊಂಡು ಬಂದಿತು. ಮೂರು ಗಂಟೆ ಕಾದು ದಾಟಿದೆವು. ದಾಟುವಾಗಲೂ ನಮ್ಮವನೊಬ್ಬ ಜಾರಿದ. ಅರವತ್ತು ದಾಟಿದ ಆ ಮೂಪ್ಪರೇ ಅವನ ರಟ್ಟೆ ಹಿಡಿದು ಎಳೆದು, ಹಾಡಿಯವರೆಗೆ ಅವನ ಹೊರೆಯನ್ನೂ ಹೊತ್ತರು.

ಊರಿಗೆ ಬಂದು ಈ ಪತ್ರಿಕೆಯಲ್ಲೇ ವರದಿ ಬರೆದೆವು. ಸರ್ವೇಶ್ವರರ ಕೃಪೆಯಿಂದಲೂ ನಮ್ಮ ಯುವಕರ ಧೈರ್ಯದಿಂದಲೂ ಸುರಕ್ಷಿತವಾಗಿ ಹಾಡಿ ಸೇರಿದೆವು ಎಂದು ಬರೆದೆವು. ಚಿತ್ರ ಹಾಕಿದೆವು. ಮುಂದಿನ ಸಲ ಹೋದಾಗ ಆ ಸಂಚಿಕೆಯನ್ನು ಮೂಪ್ಪರ ಕೈಯಲ್ಲಿ ಇಟ್ಟೆವು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, "ಇದರಲ್ಲಿ ನಾನು ಎಲ್ಲಿ?" ಎಂದು ಕೇಳಿದರು. ಚಿತ್ರದ ಅಂಚಿನಲ್ಲಿ ಅವರ ಅರ್ಧ ಭುಜವಿತ್ತು. ಅಡಿಯಲ್ಲಿ ನಮ್ಮ ಒಂಬತ್ತೂ ಹೆಸರುಗಳಿದ್ದವು. ವ್ಯಾನಿಗೆ 6500 ರೂಪಾಯಿ ಕೊಟ್ಟಿದ್ದೆವು. ಅವರಿಗೆ ಕೊಟ್ಟದ್ದು 300, ಅದೂ ಚಹಾದ ಕಾಸು ಎಂದು ಹೇಳಿ.

ಅವರು ಕೋಪಿಸಿಕೊಳ್ಳಲಿಲ್ಲ. ಗಂಜಿ ಹಾಕಿ ಕಳುಹಿಸಿದರು. ಆದರೆ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಮೇಘವಿದ್ದರೂ ಹೋಬಾಬ ಬೇಕೆಂದ ಮೋಶೆ ಎಲ್ಲಿ, ಹೋಬಾಬನ ಕೆಲಸವನ್ನೂ ಮೇಘದ ಲೆಕ್ಕಕ್ಕೆ ಬರೆದ ನಾವು ಎಲ್ಲಿ! ದೇವರ ಕೃಪೆ ಎಂದು ಹೇಳುವುದು ಸರಿ. ಆ ಕೃಪೆ ಯಾರ ರಟ್ಟೆಯಲ್ಲಿ ಬಂದಿತು ಎಂಬುದನ್ನೂ ಹೇಳಬೇಕಿತ್ತು. ಈಗ ಅವರ ಹೆಸರನ್ನು ಬಳಗದ ದಾಖಲೆ ಪುಸ್ತಕದಲ್ಲಿ ಬರೆದಿದ್ದೇವೆ, ದಿನಗೂಲಿಯ ಬಾಕಿ ಮುಟ್ಟಿಸಿದ್ದೇವೆ. ಪತ್ರಿಕೆಯಲ್ಲಿ ಅಚ್ಚು ಹಾಕಲು ಅವರ ಒಪ್ಪಿಗೆ ಕೇಳಿ ಆಮೇಲೆ ಹಾಕುತ್ತೇವೆ. ಕೇಳದೆ ಹಾಕುವುದೂ ಇನ್ನೊಂದು ತಪ್ಪು.

ಯುವಕರಿಗೆ ಮಾತು

ಈಗ ನಮ್ಮ ತೀರ್ಮಾನ. ನಮ್ಮ ಅಜ್ಜ ಅಜ್ಜಿಯರಲ್ಲಿ ಅನೇಕರು ಕೊಳ್ಳೇಗಾಲದ ಕಡೆಯವರು. 1956ರವರೆಗೆ ಆ ತಾಲೂಕು ಇದೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗಂಟು ಹೊತ್ತು ಘಟ್ಟ ಇಳಿದು ಮಿಲ್ಲುಗಳಿಗೆ ನಡೆದು ಬಂದವರ ಮೊಮ್ಮಕ್ಕಳು ನಾವು. ಅವರು ಹೊಟ್ಟೆಗಾಗಿ ನಡೆದರು. ಮೊಮ್ಮಗ ಸಂತೋಷಕ್ಕಾಗಿ ಒಮ್ಮೆ ನಡೆಯಲಿ. ಬೆಟ್ಟ ನೋಡುವುದು ಹಣವಂತರಿಗೆ ಮಾತ್ರವಲ್ಲ. ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ನಾಲ್ಕು ಮಾತು ಮಾತ್ರ ಕೇಳಿಕೊಳ್ಳುತ್ತೇವೆ.

ಒಂದು: ಪರವಾನಗಿಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಗೆರೆಯ ಆಚೆ ಇರುವುದು ಯಾರದೋ ಊರು, ಯಾರದೋ ಮೇವಿನ ನೆಲ.

ಎರಡು: ಹೊರೆಯಾಳು, ಮಾರ್ಗದರ್ಶಿ ಇವರ ಕೂಲಿಯನ್ನು ಹೊರಡುವ ಮೊದಲೇ ಬಾಯಿಬಿಟ್ಟು ಗೊತ್ತುಮಾಡಿ. ಚೌಕಾಸಿ ಮಾಡಬೇಡಿ, ನಾವು ದುಡಿಮೆಗಾರರು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ 2001ರಲ್ಲೇ ಹೊರೆಯಾಳುಗಳಿಗೆಂದು ಕಾನೂನು ಮಾಡಿ, ತಲೆಗೆ 20 ಕಿಲೋಗಿಂತ ಹೆಚ್ಚು ಹೊರಿಸಬಾರದೆಂದರು. ನೀವೂ ಆ ಲೆಕ್ಕ ಮೀರಬೇಡಿ. ಮಳೆಯಂಗಿ, ಬೂಟು, ಮಲಗುವ ಚೀಲ ನಿಮಗಿರುವಂಥದ್ದೇ ಅವರಿಗೂ ಇರಬೇಕು.

ಮೂರು: ಅವರು ಕಾಯಿ ಎಂದರೆ ಕಾಯಿರಿ. ಹಿಂದಿರುಗಿ ಎಂದರೆ ಹಿಂದಿರುಗಿ. ಆ ಹಳ್ಳದ ಹತ್ತಿರ ನಾವು ಕಲಿತ ಪಾಠವಿದು. ಮರಳಿ ಬಂದು ವರದಿ ಬರೆಯುವಾಗ, ಅವರು ಒಪ್ಪಿದರೆ, ಮೊದಲ ಸಾಲಿನಲ್ಲಿ ಅವರ ಹೆಸರು ಬರಲಿ.

ನಾಲ್ಕು: ಇದು ಸ್ವಲ್ಪ ಕಷ್ಟದ ಮಾತು. ನಮ್ಮ ದುಮ್ಕಾದ ಸಹೋದರನ ಜೊತೆ ಆ ರಸ್ತೆಯಲ್ಲಿ ದುಡಿದ ನಾಲ್ವರು ಈಗ ಅವರ ಹಳ್ಳಿಗಳಲ್ಲಿ ಇದ್ದಾರೆ. ಅವನು ಅಲ್ಲಿ ದುಡಿದದ್ದು ನಿಜ ಎಂದು ಅವರು ಬರೆದು ಸಹಿ ಹಾಕಿ ಕೊಟ್ಟರೆ ಅವನ ಅರ್ಜಿಗೆ ಬಲ ಬರುತ್ತದೆ ಎಂದು ವಕೀಲರು ಹೇಳಿದ್ದಾರೆ. ಅವನಿಗೆ ರಜೆ ಇಲ್ಲ. ಹೋದರೆ ಈ ಕೆಲಸವೂ ಹೋಗುತ್ತದೆ. ಹೇಗೂ ಉತ್ತರಕ್ಕೆ ಹೋಗುವ ಹನ್ನೊಂದು ಮಂದಿಯಲ್ಲಿ ಇಬ್ಬರು, ಐದು ದಿನ ಬಿಟ್ಟುಕೊಟ್ಟು, ದಾರಿ ಬದಲಿಸಿ ದುಮ್ಕಾಕ್ಕೆ ಹೋಗಿ ಬರುತ್ತೀರಾ? ಅವರ ಹೆಚ್ಚಿನ ರೈಲು ಖರ್ಚನ್ನು ಬಳಗದ ನಿಧಿಯಿಂದ ಕೊಡೋಣ ಎಂದು ಸಭೆಯ ಮುಂದೆ ಇಡುತ್ತೇವೆ. ಕಣಿವೆಯ ನಡಿಗೆ ಅವರಿಗೆ ಎರಡು ಮೂರು ದಿನ ಕಡಿಮೆಯಾಗಬಹುದು. ಆ ಕಲ್ಲುಗೋಡೆಯ ತಿರುವಿನವರೆಗಂತೂ ಎಲ್ಲರೂ ಹೋಗಿ. ಅಲ್ಲಿ ನಿಂತು, ಕಟ್ಟಿದವನ ಹೆಸರು ಹೇಳಿ ಒಂದು ಪ್ರಾರ್ಥನೆ ಮಾಡಿ.

ಉತ್ತರವನ್ನು ಈಗಲೇ ಕೊಡಬೇಕೆಂದಿಲ್ಲ. ಮುಂದಿನ ಭಾನುವಾರ ಪೂಜೆಯಾದ ಮೇಲೆ ಸಭೆ ಇದೆ. ಅಂದು ದಾಖಲೆ ಪುಸ್ತಕ ಮೇಜಿನ ಮೇಲೆ ಇರುತ್ತದೆ. ಹೋಗುವ ಇಬ್ಬರು ಬಂದು ಅದರಲ್ಲಿ ನಿಮ್ಮ ಹೆಸರು ಬರೆಯಿರಿ.

ಬಡಗಿಯ ಮನೆಯಲ್ಲಿ ದುಡಿದು ಬೆಳೆದ ಯೇಸುಸ್ವಾಮಿಯೇ, ನಮಗಾಗಿ ಹೊರೆ ಹೊತ್ತವರನ್ನು ಮರೆತ ನಮ್ಮನ್ನು ಕ್ಷಮಿಸಿರಿ. ಹಿಮದಲ್ಲೂ ಕಾಡಿನಲ್ಲೂ ದಾರಿ ಮಾಡುತ್ತಿರುವ ಸಹೋದರರನ್ನು ಕಾಪಾಡಿರಿ. ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವ ಮನಸ್ಸನ್ನೂ ಕಾಲುಗಳಲ್ಲಿ ಬಲವನ್ನೂ ನಮಗೆ ಕೊಡಿರಿ. ಆಮೆನ್.